ರಾಯಚೂರು ಕಡೆ ಮಂದಿ ಯಾಕ ಗುಳೆ ಹೋಗ್ತಾರ ಅಂತ ಕೇಳಿದ್ರಲ್ಲ

ಸರ್, ನೀವು ಕೇಳಿದ್ದು ಎರಡು ಮಾತು. ಬೆಂಗಳೂರಾಗ ಎಲ್ಲಿ ಬಿಲ್ಡಿಂಗ್ ಕೆಲಸ ನಡದ್ರೂ ರಾಯಚೂರು ಯಾದಗಿರಿ ಮಂದೀನೇ ಯಾಕ ಇರ್ತಾರ ಅಂತ ಒಂದು, ನಿಮ್ಮ ಕಡೆ ಮಕ್ಕಳು ಜಾಸ್ತಿ ಅಂತಲ್ಲ ಅದಕ್ಕೇ ಹಿಂದ ಬಿದ್ದೀರೇನು ಅಂತ ಇನ್ನೊಂದು. ಎರಡನೇದಕ್ಕ ಮೊದಲ ಹೇಳ್ತೀನಿ, ಯಾಕಂದ್ರ ಈ ಮಾತು ಭಾಳ ಮಂದಿ ಬಾಯಾಗ ಕೇಳೀನಿ, ಕೇಳಿದಾಗೆಲ್ಲ ಬ್ಯಾಸರ ಆಗ್ತದ.

2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆ 19 ಲಕ್ಷ ಚಿಲ್ಲರೆ, ಯಾದಗಿರಿ 11 ಲಕ್ಷ 74 ಸಾವಿರ. ರಾಯಚೂರಾಗ ಚದರ ಕಿಲೋಮೀಟರಿಗೆ 228 ಮಂದಿ, ಬೆಂಗಳೂರು ನಗರ ಜಿಲ್ಲೆಯೊಳಗ 4 ಸಾವಿರದ ಮ್ಯಾಲ. ಅಂದ್ರ ಇಲ್ಲಿ ಮಂದಿಗೆ ಜಾಗ ಸಾಲವಲ್ದು ಅನ್ನೋ ಮಾತೇ ಇಲ್ಲ, ಒಂದೂರಿಂದ ಇನ್ನೊಂದೂರಿಗೆ ಹೋಗೋತನಕ ಬರೇ ಎರಿ ಹೊಲ ಕಾಣ್ತಾವ. ಹಾಂ, ಮಂದಿ ಬೆಳದದ್ದು ಮಾತ್ರ ಖರೆ. 2001ರಿಂದ 2011ರೊಳಗ ಯಾದಗಿರಿ 22 ಪರ್ಸೆಂಟ್ ಮ್ಯಾಲ ಬೆಳೀತು, ಇಡೀ ರಾಜ್ಯ 15.6, ಅದೇ ಹೊತ್ತಿನಾಗ ಚಿಕ್ಕಮಗಳೂರು ಬೆಳೆಯೋದಿರಲಿ ಸ್ವಲ್ಪ ಕಡಿಮೀನೇ ಆತು. ಒಂದೇ ರಾಜ್ಯ, ಒಂದೇ ಕಾಯ್ದೆ, ಒಂದೇ ಸರಕಾರಿ ದವಾಖಾನಿ ಬೋರ್ಡು, ಆದ್ರೂ ಇಷ್ಟು ಫರಕು ಯಾಕ ಬಂತು ಅಂದ್ರ ಅದೇ ಜನಗಣತಿಯೊಳಗ ಓದು ಬರಹದ ಲೆಕ್ಕ ನೋಡ್ರಿ. ಕರ್ನಾಟಕ 75 ಪರ್ಸೆಂಟ್, ದಕ್ಷಿಣ ಕನ್ನಡ 88, ಯಾದಗಿರಿ 52ರ ಹತ್ತಿರ, ಅದ್ರಾಗ ಹೆಣ್ಮಕ್ಕಳದು ಬರೇ 41ರ ಸುಮಾರು. ಹುಡುಗಿ ಐದನೇತ್ತಕ್ಕ ಸಾಲಿ ಬಿಟ್ಲು ಅಂದ್ರ ಹತ್ತಿ ಬಿಡಿಸ್ಲಿಕ್ಕ ಹೋಗ್ತಾಳ, ಹದಿನೆಂಟು ತುಂಬೋದ್ರಾಗೇ ಮದುವಿ ಮಾಡಿಬಿಡ್ತಾರ, ಹುಟ್ಟಿದ ಕೂಸು ಬದುಕ್ತದೋ ಇಲ್ಲೋ ಅನ್ನೋ ಅಂಜಿಕಿ ಇದ್ದ ಮನಿಯಾಗ ಎರಡೇ ಸಾಕು ಅಂತ ಯಾರೂ ಅನ್ನಂಗಿಲ್ಲ. ಸಾಲಿ ದವಾಖಾನಿ ನೆಟ್ಟಗ ಮುಟ್ಟಿದ ಕಡೆ ಮಕ್ಕಳು ತಾವಾಗೇ ಕಡಿಮಿ ಆಗ್ಯಾರ, ನಮ್ಮ ತಾಲೂಕ ಜಾಗದಾಗೂ ಓದಿದ ಹೆಣ್ಮಕ್ಕಳ ಮನಿಯಾಗ ಎರಡೇ. ಮಕ್ಕಳು ಹೆಚ್ಚು ಅಂತ ಹಿಂದ ಬಿದ್ದಿಲ್ರೀ ಸರ್, ಹಿಂದ ಬಿಟ್ಟದ್ದಕ್ಕ ಮಕ್ಕಳು ಹೆಚ್ಚು.

ಹಿಂದ ಬಿಟ್ಟದ್ದು ಯಾವಾಗಿಂದ ಅಂತೀರಿ, ನಿಮ್ಮ ಕಡೆ ಮೈಸೂರಾಗ 1916ಕ್ಕೇ ಯೂನಿವರ್ಸಿಟಿ ಬಂತು, ನಮ್ಮದು ಆಗ ನಿಜಾಮನ ರಾಜ್ಯ, ಆಡಳಿತ ಉರ್ದು, ಕನ್ನಡ ಸಾಲಿ ಅಂದ್ರ ಹುಡುಕಬೇಕಿತ್ತು. ದೇಶಕ್ಕ ಸ್ವಾತಂತ್ರ್ಯ ಬಂದು ವರ್ಷದ ಮ್ಯಾಲ, 1948ರ ಸೆಪ್ಟೆಂಬರ್ 17ಕ್ಕ ನಾವು ಭಾರತದೊಳಗ ಬಂದ್ವಿ, 1956ಕ್ಕ ಕನ್ನಡ ನಾಡಿಗೆ ಸೇರಿದ್ವಿ, ಕಲಬುರಗಿಗೆ ಯೂನಿವರ್ಸಿಟಿ ಬಂದದ್ದು 1980ಕ್ಕ. ಲೆಕ್ಕ ಹಾಕ್ರಿ, ಮೈಸೂರಿಗಿಂತ 64 ವರ್ಷ ತಡ. ಅಷ್ಟರಾಗ ಮೂರು ತಲಿಮಾರು ಹೋಗ್ತಾವ.

ಈಗ ಗುಳೆ ಮಾತು. ನಮ್ಮಲ್ಲಿ ಏನೂ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಒಂದು ಕಡೆ ಕೃಷ್ಣಾ ಒಂದು ಕಡೆ ತುಂಗಭದ್ರಾ, ನಡುವ ನಾವು. ಹಟ್ಟಿಯೊಳಗ ಬಂಗಾರ ತೆಗೀತಾರ, ಶಕ್ತಿನಗರದಾಗ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕ ಕರೆಂಟ್ ಮಾಡ್ಲಿಕ್ಕತ್ತಾರ, 1720 ಮೆಗಾವ್ಯಾಟ್. ಸಿಂಧನೂರು ಕಡೆ ಎಡದಂಡೆ ಕಾಲುವಿ ಮಗ್ಗಲಕ ನಿಂತ್ರ ಕಣ್ಣು ಹಾಯೋತನಕ ಭತ್ತದ ಗದ್ದಿ, ನಾಟಿ ಟೈಮಿಗೆ ಹೊರಗಿನೋರೇ ಅಲ್ಲಿಗೆ ಕೂಲಿಗೆ ಬರ್ತಾರ. ಅದೇ ಕಾಲುವಿ ಟೇಲ್‌ಎಂಡಿಗೆ ಮಾನ್ವಿ ರಾಯಚೂರು ಕಡೆ ಬರ್ರಿ, ನೀರು ಬರ್ತದೋ ಇಲ್ಲೋ ಅಂತ ರೈತ ರಾತ್ರಿಯೆಲ್ಲ ಕಾಯ್ಬೇಕು. ದೇವದುರ್ಗದ ಮಳಿ ನಂಬಿದ ಊರುಗಳಾಗ ತೊಗರಿ ಹತ್ತಿ ಮುಗೀತು ಅಂದ್ರ ಸಂಕ್ರಾಂತಿ ಆದ ಮ್ಯಾಲ ಕೆಲಸಾನೇ ಇರಂಗಿಲ್ಲ. ಬೆಂಗಳೂರಿಗೂ ನಮಗೂ ಇರೋ ಫರಕೇ ನಮ್ಮ ಒಂದು ಜಿಲ್ಲೆ ಒಳಗೂ ಅದ, ಇದನ್ನ ಹೊರಗಿನೋರು ನೋಡಂಗೇ ಇಲ್ಲ, ಜಿಲ್ಲೆಯ ಸರಾಸರಿ ನೋಡಿ ಹೋಗಿಬಿಡ್ತಾರ.

ಆವಾಗ ಗಂಡ ಹೆಂಡ್ತಿ ಗಂಟು ಕಟ್ಕೊಂಡು ರೈಲು ಹತ್ತೋದು, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಮಕ್ಕಳನ್ನ ಮುದುಕರ ಹತ್ರ ಬಿಟ್ಟು ಹೋಗ್ತಾರ ಇಲ್ಲಾಂದ್ರ ಕರ್ಕೊಂಡು ಹೋಗ್ತಾರ, ಕರ್ಕೊಂಡು ಹೋದ್ರ ಆ ವರ್ಷದ ಸಾಲಿ ಅಲ್ಲಿಗೇ ಮುಗೀತು. ಮೊಹರಂಗ ಜಾತ್ರಿಗ ಊರು ತುಂಬತದ, ಆ ನಾಲ್ಕು ದಿನ ನೋಡಿದೋರು ಈ ಊರಾಗ ಇಷ್ಟು ಮಂದಿ ಅದಾರೇನು ಅಂತಾರ. ಆಮ್ಯಾಲ ಮತ್ತ ಬೀಗ.

371ಜೆ, ಅಂದ್ರ ನಮ್ಮ ಭಾಗಕ್ಕ ವಿಶೇಷ ಸವಲತ್ತು ಕೊಡೋ ಸಂವಿಧಾನದ ಕಲಂ, ಅದನ್ನ ಕೊಟ್ಟಾರಲ್ಲ ಅಂತ ನೀವು ಅನ್ನಬಹುದು. ಕೊಟ್ಟಾರ, ಹೋರಾಟ ಮಾಡಿದ ಹಿರಿಯರಿಗೆ ಇವತ್ತೂ ಕೈ ಮುಗೀತೀನಿ. ಇಲ್ಲಿನ ಕಾಲೇಜಿನಾಗ 70 ಪರ್ಸೆಂಟ್ ಸೀಟು ನಮ್ಮ ಮಕ್ಕಳಿಗೆ, ಹೊರಗಿನ ಕಾಲೇಜಿನಾಗ 8 ಪರ್ಸೆಂಟ್, ನೌಕರಿಯಾಗೂ ಪಾಲು ಅದ, ಡಾಕ್ಟರ್ ಇಂಜಿನಿಯರ್ ಆದ ಹುಡುಗ್ರು ಇವತ್ತು ನಮ್ಮ ಊರುಗಳಾಗ ಅದಾರ. ಆದ್ರ ಆ ಸೀಟು ಮುಟ್ಟಬೇಕಂದ್ರ ಪಿಯುಸಿ ಪಾಸ್ ಆಗಿರಬೇಕು. ಗುಳೆ ಹೋದವ್ರ ಮಗ ಏಳನೇತ್ತದಾಗೇ ಸಾಲಿ ಬಿಟ್ಟಿರ್ತಾನ, ಅವನಿಗೆ 371ಜೆ ಎಲ್ಲಿ ಮುಟ್ಟಬೇಕು? ಊರ ಸಾಲಿಗೆ ಲೆಕ್ಕದ ಮಾಸ್ತರ್ ಬೇಕು, ಬಂದವ್ರು ವರ್ಗಾ ತಗೊಂಡು ಹೋಗದಂಗ ಇರಬೇಕು. ಯಾವ ತಾಲೂಕು ಎಷ್ಟು ಹಿಂದ ಅದಾವ ಅಂತ ನೋಡ್ಲಿಕ್ಕ ರಾಜ್ಯ ಸರಕಾರ ಮಾಡಿದ ನಂಜುಂಡಪ್ಪ ಸಮಿತಿ 2002ಕ್ಕ 175 ತಾಲೂಕದಾಗ 114 ಹಿಂದುಳಿದವು ಅಂತ ಬರೀತು, ಅದ್ರಾಗ 39 ಅತ್ಯಂತ ಹಿಂದುಳಿದವು, ಅವುಗಳೊಳಗ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವು. ಆಮ್ಯಾಲ ರೊಕ್ಕ ಬಂತು, ರಸ್ತೆ ಆದ್ವು, ಸಿಮೆಂಟ್ ಭವನ ಆದ್ವು. ಮಾಸ್ತರ್ ಜಾಗ ಮಾತ್ರ ಖಾಲಿ.

ದೊಡ್ಡ ಜಡ್ಡು ಬಂತಂದ್ರ ನಾವು ಬೆಂಗಳೂರಿಗೆ ಬರಂಗಿಲ್ಲ, ಅದು 400 ಕಿಲೋಮೀಟರ್ ಮ್ಯಾಲ, ಕೃಷ್ಣಾ ದಾಟಿ ಹೈದರಾಬಾದಿಗೆ ಹೋಗ್ತೀವಿ. ಐಐಟಿ ಕೇಳಿದ್ವಿ, ಧಾರವಾಡಕ್ಕ ಹೋತು. ಏಮ್ಸ್ ಕೊಡ್ರಿ ಅಂತ 2022ಕ್ಕ ರಾಯಚೂರಾಗ ಧರಣಿ ಕುಂತ್ರು, ಬಿಸಲಾಗ ಮಳಿಯಾಗ ವರ್ಷಗಟ್ಲೆ ಕುಂತ್ರು.

ಇನ್ನೊಂದು ಮಾತು, ಇದು ನನಗ ಭಾಳ ಕಾಡ್ಲಿಕ್ಕತ್ತದ. ಹೊಸ ಜನಗಣತಿಗೆ 2027ರ ಮಾರ್ಚ್ 1 ಅಂತ ಲೆಕ್ಕದ ದಿನ ಇಟ್ಟಾರ. ಮಂದಿ ಎಣಿಸೋದು ಫೆಬ್ರುವರಿ ತಿಂಗಳಾಗ, ಅಂದ್ರ ಗುಳೆ ಹೋದ ತಿಂಗಳಾಗೇ. ಆ ದಿನಗಳಾಗ ಊರಾಗ ಇಲ್ಲದವರನ್ನ ಅವರು ಇದ್ದ ಕಡೆ ಎಣಿಸ್ತಾರ. ಸಾಲಿ ಎಷ್ಟು, ದವಾಖಾನಿ ಎಷ್ಟು, ರೇಷನ್ ಎಷ್ಟು ಅನ್ನೋದೆಲ್ಲ ಆ ನಂಬರಿನ ಮ್ಯಾಲ. ಅದಕ್ಕ ಊರಾಗ ಸಿಕ್ಕೋರಿಗೆಲ್ಲ ಈಗಿಂದಾನೇ ಹೇಳ್ಲಿಕ್ಕತ್ತೀನಿ, ಆ ಫೆಬ್ರುವರಿಯಾಗ ಒಂದು ವಾರನಾದ್ರೂ ಮನಿಗೆ ಬರ್ರಿ ಅಂತ. ರೈಲು ಚಾರ್ಜು, ಹೋದ ದಿನದ ಕೂಲಿ ಯಾರು ಕೊಡ್ತಾರ ಅಂತ ಕೇಳ್ತಾರ. ಅದಕ್ಕ ನನ್ನ ಹತ್ರ ಉತ್ತರ ಇಲ್ರೀ.