ತೊಟ್ಟಿಯ ನೀರು ತಿಳಿಯಾಗಿದ್ದರೂ ಕ್ಲೌನ್ ಫಿಶ್ ಯಾಕೆ ಸತ್ತಿತು?

ಪ್ರಶ್ನೆ: ನಮ್ಮನೆಯಲ್ಲಿ ಎರಡೂವರೆ ಅಡಿಯ ಗಾಜಿನ ತೊಟ್ಟಿ ಇದೆ. ಮೊದಲು ಗೋಲ್ಡ್ ಫಿಶ್ ಇದ್ದವು. ಮಗಳ ಹಟಕ್ಕೆ ಈ ಸಲ ಕ್ಲೌನ್ ಫಿಶ್ ತಂದೆವು. ತೊಟ್ಟಿ ತೊಳೆದು, ಹೊಸ ಫಿಲ್ಟರ್ ಹಾಕಿ, ಮರೈನ್ ಸಾಲ್ಟ್ ಬೆರೆಸಿ, ಮೂರನೇ ದಿನವೇ ಜೋಡಿ ಮೀನು ಬಿಟ್ಟೆವು. ಆರನೇ ದಿನ ಒಂದು ಸತ್ತಿತು. ಇನ್ನೊಂದು ನೀರಿನ ಮೇಲ್ಭಾಗದಲ್ಲೇ ನಿಂತು ಏದುಸಿರು ಬಿಡುತ್ತಿದೆ. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದ್ದೇನೆ. ಅದಕ್ಕೂ ಮುಂಚೆ ನೀರು ತಿಳಿಯಾಗಿಯೇ ಇತ್ತು. ತಪ್ಪು ಎಲ್ಲಾಯಿತು? ಉಡುಪಿಯಲ್ಲಿರುವ ಭಾವ, ಮಲ್ಪೆಯಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತಂದುಕೊಡುತ್ತೇನೆ ಅಂತಿದ್ದಾರೆ. ತರಿಸಲಾ? ಮಗಳಿಗೆ ಮೀನು ಮಲಗುವ ಅನಿಮೋನ್ (ಹೂವಿನಂತೆ ಕಾಣುವ ಸಮುದ್ರಜೀವಿ) ಕೂಡ ಬೇಕಂತೆ.
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಬದುಕಿರುವ ಮೀನಿನ ವಿಷಯ ನೋಡೋಣ, ಉಳಿದದ್ದು ಆಮೇಲೆ.

ಇವತ್ತೇ ಒಂದು ಅಮೋನಿಯಾ (ಮೀನಿನಿಂದಲೇ ನೀರಿಗೆ ಸೇರುವ ವಿಷ) ಟೆಸ್ಟ್ ಕಿಟ್ ತನ್ನಿ. ಗಾಜಿನ ಕೊಳವೆಯಲ್ಲಿ 5 ಮಿ.ಲೀ. ನೀರು ಹಿಡಿದು ಹನಿ ಹಾಕುವ ನಮೂನೆಯದು ಸಿಕ್ಕರೆ ಒಳ್ಳೆಯದು. ಅದರಲ್ಲಿ ನೀರು ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ. ಹಸಿರಿಗೆ ತಿರುಗಿದರೆ ಇದೆ. ನಿಮ್ಮದು ಹಸಿರಾಗುತ್ತದೆ ಅಂತಲೇ ನನ್ನ ಅಂದಾಜು. ನೀಲಿ ಬಣ್ಣ ಇದ್ದರೆ ಈ ಪರೀಕ್ಷೆ ಓದಲಾಗುವುದಿಲ್ಲ. ಹಾಗಾಗಿ ಫಿಲ್ಟರಿಗೆ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕಿ ಆ ಔಷಧಿಯನ್ನು ಮೊದಲು ತೆಗೆಯಿರಿ. ಅದು ಮೆಥಿಲೀನ್ ಬ್ಲೂ ಆಗಿದ್ದರೆ, ಅಮೋನಿಯಾ ಕಳೆಯಲು ನಿಮಗೆ ಈಗ ಬೇಕಾದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ.

ನೀರಿನ ಮೂರನೇ ಒಂದು ಭಾಗ ಬದಲಿಸಿ. ಹೊಸ ನೀರಿನ ಉಪ್ಪು, ಬಿಸಿ ಎರಡೂ ತೊಟ್ಟಿಯ ನೀರಿನಷ್ಟೇ ಇರಲಿ. ಏರ್ ಪಂಪ್ ಹಾಕಿ. ಎರಡು ದಿನ ತಿಂಡಿ ಬೇಡ. ಮೀನು ಉಪವಾಸದಿಂದ ಸಾಯುವುದಿಲ್ಲ, ಹಾಕಿದ ತಿಂಡಿ ಕೊಳೆತರೆ ಸಾಯುತ್ತದೆ. ಅಂಗಡಿಯಲ್ಲಿ ಹಳೆಯ ಮರೈನ್ ತೊಟ್ಟಿ ಇದ್ದರೆ, ಒಂದೂವರೆ ತಿಂಗಳು ಮೀನನ್ನು ಅಲ್ಲೇ ಇಟ್ಟುಕೊಳ್ಳಲು ಕೇಳಿನೋಡಿ. ಒಪ್ಪದಿದ್ದರೆ ದಿನಾ ಟೆಸ್ಟ್, ಹಸಿರು ಕಂಡಾಗಲೆಲ್ಲ ಕಾಲುಭಾಗ ನೀರು ಬದಲಾವಣೆ. ಬೇಜಾರಿನ ಕೆಲಸವೇ, ಆದರೆ ಬೇರೆ ದಾರಿ ಇಲ್ಲ.

ಈಗ ತಪ್ಪಿನ ವಿಷಯ. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಕಲ್ಲು, ಹೊಸ ಫಿಲ್ಟರಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ಕೊಟ್ಟದ್ದು ಮೂರು ದಿನ! ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಜಾಸ್ತಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಗೋಲ್ಡ್ ಫಿಶ್ ತಡೆದುಕೊಂಡದ್ದನ್ನು ಕ್ಲೌನ್ ಫಿಶ್ ತಡೆಯದಿರಲು ಇದೂ ಒಂದು ಕಾರಣ.

ಹಾಗಾದರೆ ಖಾಲಿ ತೊಟ್ಟಿಯನ್ನು ಹದಕ್ಕೆ ತರುವುದು ಹೇಗೆ? ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಡಿ, ಅದರಿಂದ ಬರುವ ಅಮೋನಿಯಾವೇ ಆ ಬ್ಯಾಕ್ಟೀರಿಯಾಕ್ಕೆ ಆಹಾರ. ಪರಿಚಯದವರ ಮರೈನ್ ತೊಟ್ಟಿಯ ಫಿಲ್ಟರಿನಿಂದ ಬ್ಯಾಕ್ಟೀರಿಯಾ ನೆಲೆಸಿದ ಒಂದು ಹಿಡಿ ಸೆರಾಮಿಕ್ ಉಂಗುರ ಸಿಕ್ಕರೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಬಂದ ಮೇಲೆ ಮೀನು.

ಮಲ್ಪೆಯ ನೀರು ಬೇಡ. ಅದು ಮೀನುಗಾರಿಕೆ ಬಂದರು, ದೋಣಿಗಳ ಡೀಸೆಲ್ ಇರುತ್ತದೆ. ಮಳೆಗಾಲದಲ್ಲಿ ಹೊಳೆ ನೀರು ಸೇರಿ ಕರಾವಳಿಯ ಉಪ್ಪೂ ಇಳಿಯುತ್ತದೆ. ಆರ್‌ಒ ನೀರಿಗೆ ನೀವೇ ಉಪ್ಪು ಬೆರೆಸಿ: 20 ಲೀಟರಿಗೆ ಸುಮಾರು 700 ಗ್ರಾಂ ಮರೈನ್ ಸಾಲ್ಟ್. ಬಕೆಟ್ಟಿನಲ್ಲಿ ಸಣ್ಣ ಪಂಪ್ ಹಾಕಿ ಒಂದು ದಿನ ತಿರುಗಲಿ. ಕೊನೆಗೆ ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬರಬೇಕು, ಅದೇ ಲೆಕ್ಕ. ಭಾವನಿಗೆ ಇನ್ನೊಂದು ಮಾತು ಹೇಳಿಬಿಡಿ, ನೇತ್ರಾಣಿ ದ್ವೀಪದ ಕಡೆ ಹೋದರೆ ಹವಳದ ತುಂಡು ತರುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಆವಿಯಾಗಿ ಇಳಿದ ನೀರಿಗೆ ಮಾತ್ರ ಬರೀ ಆರ್‌ಒ ನೀರು ಹಾಕಿ, ಉಪ್ಪುನೀರಲ್ಲ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ನಾನು ಶುರುವಿನಲ್ಲಿ ವಾರವಾರವೂ ಉಪ್ಪುನೀರನ್ನೇ ಸುರಿದಿದ್ದೆ. ಮುಚ್ಚಳದ ಅಂಚಿಗೆಲ್ಲ ಬಿಳಿ ಪುಡಿ ಕಟ್ಟಿತ್ತು. ಸಾಲ ತಂದ ಮೀಟರಿನಲ್ಲಿ ನೋಡಿದರೆ 1.032! ಬೇಸಿಗೆಯಲ್ಲಿ ನೀರು ತಂಪು ಮಾಡಲು ಮೇಲಿಂದ ಫ್ಯಾನ್ ಬಿಟ್ಟರಂತೂ ದಿನಾ ನೋಡಬೇಕು. ತಾಪ 25–27 ಡಿಗ್ರಿ ಇದ್ದರೆ ಸಾಕು.

ಅನಿಮೋನ್ ಸದ್ಯಕ್ಕೆ ಬೇಡ. ಅದಕ್ಕೆ ಪ್ರಖರ ಬೆಳಕು, ಹಳೆಯ ತೊಟ್ಟಿ ಬೇಕು. ಸತ್ತರೆ ತೊಟ್ಟಿಯನ್ನೇ ಕೆಡಿಸುತ್ತದೆ. ಅದಿಲ್ಲದೆಯೂ ಕ್ಲೌನ್ ಫಿಶ್ ಆರಾಮಾಗಿರುತ್ತದೆ. ಎಷ್ಟೋ ಸಲ ಪಂಪಿನ ಮೂಲೆಯನ್ನೇ ಮನೆ ಮಾಡಿಕೊಂಡು, ಕೈ ಹಾಕಿದರೆ ಕಚ್ಚಲು ಬರುತ್ತದೆ.

ಮೀನು ಉಳಿದುಕೊಂಡು, ತೊಟ್ಟಿ ಹದಕ್ಕೆ ಬಂದ ಮೇಲೆ ಜೋಡಿ ತರುವಾಗ ಸಾಕಣೆಯಲ್ಲೇ ಹುಟ್ಟಿದ ಮರಿ ಕೇಳಿ. ನಮ್ಮ ದೇಶದಲ್ಲೇ ಇದರ ಮರಿ ಮಾಡುತ್ತಾರೆ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಮಾಡಿ ತೋರಿಸಿದೆ. ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ತಿಂಡಿ ತಿಂದರೆ ಮಾತ್ರ ತನ್ನಿ. ಮನೆಯಲ್ಲಿರುವುದಕ್ಕಿಂತ ಚಿಕ್ಕದನ್ನೇ ಆರಿಸಿ, ಆಗ ಜಗಳ ಕಡಿಮೆ. ಇವು ಹುಟ್ಟುವಾಗ ಹೆಣ್ಣಲ್ಲ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಚಿಕ್ಕದು ಗಂಡಾಗಿ ಉಳಿಯುತ್ತದೆ. ಇದರಲ್ಲಿ ಅಮ್ಮ ಯಾವುದು ಅಂತ ಮಗಳು ಕೇಳಿದರೆ, ದೊಡ್ಡದನ್ನು ತೋರಿಸಿ.