ಮಹಜರಿನಲ್ಲಿ ಏನೆಂದು ಬರೆಯುತ್ತಾರೆ?

ಪತ್ರ: ನಿಮ್ಮ ಬರಹ ಓದಿ ‘ಎಲ್.ಎ. ಕಾನ್ಫಿಡೆನ್ಷಿಯಲ್’ ನೋಡಿದೆ. ಪ್ರಾಮಾಣಿಕನೆನಿಸಿಕೊಂಡ ಅಧಿಕಾರಿ ಕೊನೆಗೆ ಮುಂದೆ ನಡೆಯುತ್ತಿದ್ದವನ ಬೆನ್ನಿಗೆ ಗುಂಡು ಹೊಡೆದು ಪದಕ ಪಡೆಯುತ್ತಾನೆ. ಅದನ್ನು ನೀವು ‘ಕೊನೆಗೂ ನ್ಯಾಯ ಸಿಕ್ಕಿತು’ ಎಂದಿದ್ದೀರಿ. ನಮ್ಮ ಎನ್‌ಕೌಂಟರ್ ಸಿನಿಮಾಗಳಿಗಿಂತ ಇದು ಹೇಗೆ ಬೇರೆ?
– ಓದುಗರೊಬ್ಬರು, ಗಂಗಾವತಿ

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆಕ್ಷೇಪ ಸರಿಯಾದ ಜಾಗಕ್ಕೇ ತಾಗಿದೆ.

1997ರ ಈ ಸಿನಿಮಾವನ್ನು ನಾವು ಹತ್ತು ಮಂದಿ ಬಳ್ಳಾರಿಯ ಕೌಲ್‌ಬಜಾರಿನಲ್ಲಿ, ಗೆಳೆಯರೊಬ್ಬರ ಮನೆಯಲ್ಲಿ, ಒಗ್ಗರಣೆ ಮಿರ್ಚಿ ಮುಂದಿಟ್ಟುಕೊಂಡು ನೋಡಿದೆವು. ಆ ಗುಂಡು ಹಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮಾತ್ರ ತಟ್ಟಲಿಲ್ಲ. ಚಹಾದ ಲೋಟ ಕೆಳಗಿಟ್ಟು, ‘ಬೆನ್ನಿಗೆ ಬಿದ್ದಿದೆಯಲ್ಲ, ಮಹಜರಿನಲ್ಲಿ ಏನೆಂದು ಬರೆಯುತ್ತಾರೆ?’ ಎಂದರು. ಯಾರೂ ಉತ್ತರಿಸಲಿಲ್ಲ. ಮಾರನೆಯ ದಿನ ಬರೆಯಲು ಕುಳಿತಾಗಲೂ ನನ್ನ ಕಿವಿಯಲ್ಲಿದ್ದದ್ದು ಚಪ್ಪಾಳೆಯೇ.

ಕಥೆ 1950ರ ದಶಕದ ಲಾಸ್ ಏಂಜಲೀಸಿನದು. ಕ್ಯಾಪ್ಟನ್ ಡಡ್ಲಿ ಸ್ಮಿತ್ ಆರಂಭದಲ್ಲೇ ಯುವ ಅಧಿಕಾರಿ ಎಡ್ ಎಕ್ಸ್‌ಲಿಯನ್ನು ಮೂರು ಪ್ರಶ್ನೆ ಕೇಳುತ್ತಾನೆ. ತಪ್ಪಿತಸ್ಥನೆಂದು ನಿನಗೆ ಗೊತ್ತಿದ್ದರೆ ಸುಳ್ಳು ಸಾಕ್ಷ್ಯ ಇಡುವೆಯಾ? ಹೊಡೆದು ತಪ್ಪೊಪ್ಪಿಗೆ ಪಡೆಯುವೆಯಾ? ವಕೀಲರು ಬಿಡಿಸಿಕೊಂಡು ಹೋಗದಂತೆ ಬೆನ್ನಿಗೆ ಗುಂಡಿಡುವೆಯಾ? ಮೂರಕ್ಕೂ ಎಕ್ಸ್‌ಲಿಯ ಉತ್ತರ ಇಲ್ಲ ಎಂದೇ.

ರೋಲೋ ಟೊಮಾಸಿಯ ತಿರುವನ್ನು ಎಲ್ಲರೂ ಹೊಗಳುತ್ತಾರೆ. ತನ್ನ ತಂದೆಯನ್ನು ಕೊಂದು ಸಿಕ್ಕಿಬೀಳದೆ ಹೋದ ಅನಾಮಿಕನಿಗೆ ಎಕ್ಸ್‌ಲಿ ತಾನೇ ಇಟ್ಟ ಹೆಸರು ಅದು. ಅದನ್ನು ಹೇಳಿದ್ದು ಜೊತೆಯ ಪೊಲೀಸ್ ಅಧಿಕಾರಿ ಜ್ಯಾಕ್ ವಿನ್ಸೆನ್ಸ್‌ಗೆ ಮಾತ್ರ. ಡಡ್ಲಿಯ ಗುಂಡಿಗೆ ಬಿದ್ದ ಜ್ಯಾಕ್ ಸಾಯುವ ಮೊದಲು ಆ ಹೆಸರನ್ನು ಉಸುರುತ್ತಾನೆ. ಆಮೇಲೆ ಅದೇ ಹೆಸರು ಡಡ್ಲಿಯ ಬಾಯಿಂದ ಬಂದಾಗ ಎಕ್ಸ್‌ಲಿಗೆ ಜ್ಯಾಕ್‌ನ ಕೊಲೆಗಾರ ಸಿಕ್ಕಿಬಿಡುತ್ತಾನೆ. ಜಾಣ ತಿರುವು, ನಿಜ. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಅದಕ್ಕೂ ಮೊದಲಿನ ಇನ್ನೊಂದು.

ನೈಟ್ ಔಲ್ ಹೋಟೆಲಿನ ಸಾಮೂಹಿಕ ಕೊಲೆಗೆ ಮೂವರು ಕಪ್ಪು ಯುವಕರನ್ನು ಹಿಡಿಯುತ್ತಾರೆ. ಅವರು ತಪ್ಪಿಸಿಕೊಂಡು ಹೋಗಿ ಎಕ್ಸ್‌ಲಿಯ ಬಂದೂಕಿಗೆ ಬಲಿಯಾಗುತ್ತಾರೆ, ಅವನಿಗೆ ಪದಕ ಸಿಗುತ್ತದೆ. ಆ ಕೊಲೆಗಳನ್ನು ಅವರು ಮಾಡಿರಲಿಲ್ಲ. ಆದರೆ ಒಬ್ಬ ಮೆಕ್ಸಿಕನ್ ಮೂಲದ ಯುವತಿಯ ಮೇಲೆ ಅತ್ಯಾಚಾರ ಮಾಡಿದ್ದರು. ಅವರು ಯಾವಾಗ ಹೊರಟುಹೋದರು ಎಂಬ ಸಮಯವನ್ನು ಅವಳು ಸುಳ್ಳು ಹೇಳಿದ್ದಳು. ಕೊಲೆಯ ಕೇಸು ಜೊತೆಗಿಲ್ಲದಿದ್ದರೆ ತನ್ನಂಥವಳ ಗೋಳನ್ನು ಯಾರು ಕೇಳುತ್ತಿದ್ದರು ಎಂಬುದು ಅವಳ ಪ್ರಶ್ನೆ. ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಠಾಣೆಯ ಬಾಗಿಲಲ್ಲಿ ದಿನಗಟ್ಟಲೆ ಕುಳಿತು ದೂರು ದಾಖಲಾಗದೆ ಮರಳಿದ ಹೆಂಗಸರು ನಮ್ಮ ಊರುಗಳಲ್ಲೂ ಇದ್ದಾರೆ. ಎಕ್ಸ್‌ಲಿಯ ಮೊದಲ ಪದಕ ನಿಂತಿರುವುದು ಅವಳ ಆ ಸುಳ್ಳಿನ ಮೇಲೆ.

ಇನ್ನು ಕೊನೆಯ ದೃಶ್ಯ. ದೂರದಲ್ಲಿ ಪೊಲೀಸ್ ಕಾರುಗಳ ಸೈರನ್. ಪೊಲೀಸನೆಂದು ಅವರಿಗೆ ತಿಳಿಯಲಿ, ಬ್ಯಾಡ್ಜ್ ಎತ್ತಿ ಹಿಡಿ ಎಂದು ಡಡ್ಲಿಯೇ ಎಕ್ಸ್‌ಲಿಗೆ ಬುದ್ಧಿ ಹೇಳುತ್ತಾ ಮುಂದೆ ನಡೆಯುತ್ತಾನೆ. ಎಕ್ಸ್‌ಲಿ ಗುಂಡು ಹಾರಿಸುತ್ತಾನೆ, ಆಮೇಲೆ ಅದೇ ಬ್ಯಾಡ್ಜ್ ಎತ್ತಿ ಹಿಡಿದು ನಿಲ್ಲುತ್ತಾನೆ. ಮೂರನೆಯ ಪ್ರಶ್ನೆಗೆ ಕೊಟ್ಟಿದ್ದ ಉತ್ತರ ಅಲ್ಲಿಗೆ ಬದಲಾಯಿತು. ಸತ್ತವನು ಗೆದ್ದ ಎಂದೇ ನನಗೀಗ ಅನಿಸುತ್ತದೆ.

ನಮ್ಮ ಎನ್‌ಕೌಂಟರ್ ಸಿನಿಮಾಗಳು ಸಾಮಾನ್ಯವಾಗಿ ಗುಂಡಿನ ಸದ್ದಿಗೇ ಮುಗಿದುಬಿಡುತ್ತವೆ. ಇದು ಮುಗಿಯುವುದಿಲ್ಲ. ಎಕ್ಸ್‌ಲಿ ಕೋಣೆಯೊಳಗೆ ಕುಳಿತು ಎಲ್ಲವನ್ನೂ ಹೇಳುತ್ತಾನೆ. ಗಾಜಿನ ಆಚೆ ಮೇಲಧಿಕಾರಿಗಳು ಇಲಾಖೆಯ ಮಾನ ಉಳಿಸಲು ಡಡ್ಲಿಯನ್ನು ಹುತಾತ್ಮನನ್ನಾಗಿಸುವ ಲೆಕ್ಕ ಹಾಕುತ್ತಾರೆ. ಹಾಗಾದರೆ ನಿಮಗೆ ಇನ್ನೊಬ್ಬ ವೀರನೂ ಬೇಕಾಗುತ್ತಾನೆ ಎಂದು ಎಕ್ಸ್‌ಲಿ ಚೌಕಾಸಿಗೆ ಇಳಿಯುತ್ತಾನೆ. ಹೆಡ್ ಕಾನ್‌ಸ್ಟೇಬಲ್ ಕೇಳಿದ ಮಹಜರು ಇದೇ. ಅದನ್ನು ಬರೆದದ್ದು ನಮ್ಮ ಕಣ್ಣೆದುರಿಗೇ, ನಾವು ಚಪ್ಪಾಳೆಯಲ್ಲಿದ್ದೆವು.

2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ ನೀಡಿದ ಮಾರ್ಗಸೂಚಿಯಲ್ಲಿ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆಗಳ ಜೊತೆಗೆ ಇನ್ನೊಂದು ಮಾತಿದೆ: ಘಟನೆಯ ಬೆನ್ನಲ್ಲೇ ಅಧಿಕಾರಿಗೆ ಶೌರ್ಯ ಪ್ರಶಸ್ತಿಯನ್ನಾಗಲಿ ಸರದಿ ಮೀರಿದ ಬಡ್ತಿಯನ್ನಾಗಲಿ ಕೊಡಬಾರದು. ಪದಕದ ಆಸೆ ಬಂದೂಕಿಗೆ ಏನು ಮಾಡುತ್ತದೆಂದು ನ್ಯಾಯಾಲಯಕ್ಕೆ ತಿಳಿದಿತ್ತು.

ಸಿನಿಮಾದ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಆ ಗುಂಡನ್ನು ಸಿನಿಮಾ ಎಲ್ಲಿಯೂ ನ್ಯಾಯವೆಂದು ಕರೆದಿರಲಿಲ್ಲ, ಕರೆದವನು ನಾನು. ‘ಕೊನೆಗೂ ನ್ಯಾಯ ಸಿಕ್ಕಿತು’ ಎಂಬ ವಾಕ್ಯವನ್ನು ಹಿಂತೆಗೆದುಕೊಂಡಿದ್ದೇನೆ.