ಬೂಮರಾಂಗ್ ರೋಲರ್ ಕೋಸ್ಟರ್ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸುತ್ತದೆ?

ಒಂದೇ ಹಳಿಯನ್ನು ಎರಡು ಸಲ ಬಳಸುವುದರಿಂದ. ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ಈ ಉಕ್ಕಿನ ಕೋಸ್ಟರ್‌ನಲ್ಲಿ ಹಳಿ ಸುತ್ತಿ ಬಂದು ಸೇರುವುದೇ ಇಲ್ಲ. ಎರಡೂ ತುದಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಉದ್ದ ಸುಮಾರು 285 ಮೀಟರ್, ಎತ್ತರ 35 ಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ಮೊದಲು ರೈಲನ್ನು ಹಿಂದಿನಿಂದ ಹಿಡಿದು, ಹಿಮ್ಮುಖವಾಗಿ ಮೇಲಕ್ಕೆ ಎಳೆಯುತ್ತಾರೆ. ಕೂತವರಿಗೆ ಕಾಣುವುದು ಕೆಳಗಿನ ನೆಲ ಮಾತ್ರ! ನನಗೆ ಇಡೀ ಸವಾರಿಯಲ್ಲಿ ಎದೆ ಝಲ್ಲೆನಿಸುವ ಕ್ಷಣ ಇದೇ. ಬಿಟ್ಟ ತಕ್ಷಣ ರೈಲು ಗಂಟೆಗೆ ಸುಮಾರು 75 ಕಿ.ಮೀ. ವೇಗದಲ್ಲಿ ನಿಲ್ದಾಣವನ್ನು ದಾಟಿ, ಹಾವಿನ ಹೆಡೆಯಂಥ ತಿರುವಿನಲ್ಲಿ ಎರಡು ಸಲ, ಆಮೇಲೆ ನೆಟ್ಟಗೆ ನಿಂತ ಸುರುಳಿಯಲ್ಲಿ ಒಂದು ಸಲ ತಲೆಕೆಳಗಾಗುತ್ತದೆ. ಅಲ್ಲಿಂದ ಎದುರಿನ ಏರು ಹತ್ತುತ್ತದೆ.

ಹಾಗಾದರೆ ಸುಮ್ನೆ ತಾನಾಗಿಯೇ ಹಿಂದಕ್ಕೆ ಜಾರಿದರೆ ಸಾಕಲ್ವಾ? ಸಾಲದು. ಚಕ್ರದ ಘರ್ಷಣೆ ಮತ್ತು ಗಾಳಿಯ ತಡೆಯಿಂದ ಒಂದಷ್ಟು ಶಕ್ತಿ ಕಳೆದುಹೋಗಿರುತ್ತದೆ. ಆ ವೇಗದಲ್ಲಿ ಮತ್ತೆ ಸುರುಳಿ ದಾಟಲು ಆಗುವುದಿಲ್ಲ. ಅದಕ್ಕೇ ಎರಡನೇ ಏರಿನಲ್ಲಿ ಸರಪಳಿ ರೈಲನ್ನು ಹಿಡಿದು ತುದಿಗೆ ಒಯ್ಯುತ್ತದೆ. ಅಲ್ಲಿಂದ ಬಿಟ್ಟರೆ ಅದೇ ದಾರಿಯಲ್ಲಿ ಹಿಮ್ಮುಖ ಓಟ. ಹೀಗೆ ಮೂರು ಪಲ್ಟಿಗಳು ಆರಾಗುತ್ತವೆ.

ಒಂದು ತೊಂದರೆ ಇದೆ. ಹೋದ ದಾರಿಯಲ್ಲೇ ವಾಪಸ್ ಬರಬೇಕಾದ್ದರಿಂದ ಒಂದೇ ರೈಲು ಓಡಿಸಬಹುದು. ಸಾಮಾನ್ಯವಾಗಿ ಅದರಲ್ಲಿ 28 ಜನ ಕೂರುತ್ತಾರೆ. ಮುಂದಿನವರು ಹತ್ತಬೇಕೆಂದರೆ ಅದು ವಾಪಸ್ ಬರುವವರೆಗೂ ಕಾಯಲೇಬೇಕು.